ಗಂಟಿಲ್ಲದ ರಫು

ಜೀಪಿನಿಂದ ಇಳಿಯುವ ಆತುರದಲ್ಲಿ ಜಯರಾಮಪ್ಪ ಬಗಲಲ್ಲಿದ್ದ ಸೀರೆಯನ್ನು ಎಳೆದುಕೊಂಡ. ಬಾಗಿಲ ಚಿಲಕಕ್ಕೆ ಸಿಕ್ಕಿದ್ದ ರೇಷ್ಮೆ ಪರ್ರನೆ ಹರಿಯಿತು. ಅಕ್ಕ ಸರಸ್ವತಮ್ಮನ ಹೆಣಕ್ಕೆ ಉಡಿಸಲೆಂದು ಕಲ್ಯಾಣದುರ್ಗದಿಂದ ತಂದಿದ್ದ ತವರಿನ ಸೀರೆ. ಅವನೇ ಮಗ್ಗದಲ್ಲಿ ಕೂತು ನೇಯ್ದದ್ದು. ಹಿಂದೂಪುರದ ಆ ಬೀದಿಯಲ್ಲಿ ನೆರೆದಿದ್ದವರಿಗೆಲ್ಲ ಸದ್ದು ಕೇಳಿಸಿತು.

“ಅಯ್ಯೋ ದೇವುಡಾ!” ಸತ್ತವಳ ನಾದಿನಿ ನಾರಮ್ಮ ಹಣೆ ಚಚ್ಚಿಕೊಂಡಳು. “ಅಂಗಡಿಯಿಂದ ಇನ್ನೊಂದು ತರ್ಸಪ್ಪ. ಸೂಜೀಲಿ ಹೊಲಿದ ಬಟ್ಟೆ ಹೆಣಕ್ಕೆ ಉಡ್ಸಂಗಿಲ್ಲ.”

ಜಯರಾಮಪ್ಪನ ಮುಖ ಸಣ್ಣದಾಯಿತು. “ನಮ್ಮಕ್ಕನ್ನ ಅಂಗಡಿ ಸೀರೇಲಿ ಕಳಿಸ್ಲಾ?”

ಸರಸ್ವತಮ್ಮನ ಮಗಳು ಬನಶಂಕರಿ ಹರಕನ್ನು ಅಳೆದು ನೋಡಿದಳು. ಎರಡು ಬೆರಳಗಲ. ಅಮ್ಮನಾಗಿದ್ದರೆ ಹರಟೆ ಹೊಡೆಯುತ್ತಲೇ ಮುಚ್ಚುತ್ತಿದ್ದಳು. ಮೂವತ್ತು ವರ್ಷ ಊರಿನ ಹರಿದ ರೇಷ್ಮೆಯೆಲ್ಲ ರಫುವಿಗೆ, ಎಳೆಗೆ ಎಳೆ ಕೂಡಿಸಿ ಹರಕು ಮುಚ್ಚುವುದಕ್ಕೆ, ಅವಳ ಕೈಗೇ ಬಂದಿತ್ತು. ಮಗಳ ರಫುವನ್ನು ಮಾತ್ರ ಆ ತಾಯಿ ಒಂದು ದಿನವೂ ಮೆಚ್ಚಲಿಲ್ಲ. ಮಾಡಿಸಿದ್ದಕ್ಕಿಂತ ಬಿಚ್ಚಿಸಿದ್ದೇ ಹೆಚ್ಚು.

“ಹೊಲಿಯಲ್ಲ ಅತ್ತೆ. ಇದೇ ಸೀರೆ ತುದಿಯಿಂದ ಎಳೆ ತಗೊಂಡು ಹರಿದಿರೋ ಕಡೆ ನೇಯ್ತೀನಿ. ಗಂಟೂ ಹಾಕಲ್ಲ.”

“ರಫು ನನ್ನ ಕೈಗೆ ಸಿಕ್ತೋ, ಸೀರೆ ತೆಗೆದು ಅತ್ಲಾಗೆ ಹಾಕ್ಬುಡ್ತೀನಿ ಕಣಮ್ಮ. ಹೊತ್ತು ಮುಳುಗೋದ್ರೊಳ್ಗೆ ಎತ್ತಬೇಕು.”

ಜೀಪು ಓಡಿಸಿಕೊಂಡು ಬಂದಿದ್ದ ಗಂಗಣ್ಣ ನಾರಮ್ಮನ ಮುಂದೆ ಕೆನ್ನೆ ಚಾಚಿದ. “ಅವಳು ಸರಸ್ವತಕ್ಕನ ಮಗಳು ಕಣಮ್ಮ. ಇಲ್ಲಿ ನೋಡು, ಈ ಕೆನ್ನೆ ಸೀಳಿತ್ತು ಅಂದ್ರೆ ಯಾರಾನಾ ನಂಬ್ತಾರಾ?”

*

ಎಪ್ಪತ್ತೆಂಟರಲ್ಲಿ, ಎಂದರೆ ಹದಿನೈದು ವರ್ಷದ ಹಿಂದೆ, ಕೊಡಿಕೊಂಡದ ಹತ್ತಿರ ಬಸ್ಸಿಗೆ ಲಾರಿ ತಾಗಿ ಗಂಗಣ್ಣನ ಕೆನ್ನೆ ಬಾಯಿಬಿಟ್ಟಿತ್ತು. ಅದೇ ಬಸ್ಸಿನಲ್ಲಿದ್ದ ಸರಸ್ವತಮ್ಮ, ಗುರುತಿಲ್ಲದ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೂಪುರದ ಡಾಕ್ಟರೊಬ್ಬರ ಬಳಿಗೆ ತಂದಳು. ಜೊತೆಗಿದ್ದ ಬನಶಂಕರಿಗೆ ಆಗ ಹನ್ನೆರಡು.

“ಅಷ್ಟು ಬಿಗಿ ಎಳೀಬ್ಯಾಡಿ ಡಾಕ್ಟ್ರೇ,” ಎಂದಳು ಸರಸ್ವತಮ್ಮ. “ಬಟ್ಟೆ ಸುಕ್ಕು ಬಿದ್ದಂಗೆ ಚರ್ಮಾನೂ ಬೀಳ್ತೈತೆ. ಅಂಚಿಗೆ ಅಂಚು ಮುಟ್ಟಿದ್ರೆ ಸಾಕು.”

“ನೀವೆಲ್ಲಿ ಓದಿದ್ದಮ್ಮಾ?”

“ಮಗ್ಗದ ಗುಂಡೀಲಿ.”

ಡಾಕ್ಟರು ನಕ್ಕುಬಿಟ್ಟರು. ನಕ್ಕವರೇ ಹಾಕಿದ್ದ ಹೊಲಿಗೆಯನ್ನು ಬಿಚ್ಚಿ ಸಡಿಲವಾಗಿ ಹಾಕಿದರು. ಆಮೇಲೆ ಮುಖದ ಗಾಯ ಬಂದಾಗೆಲ್ಲ ಅವಳಿಗೆ ಹೇಳಿ ಕಳಿಸುತ್ತಿದ್ದರು. ಕರೆ ಬಂದ ದಿನ ಬೀದಿಯಲ್ಲಿ ಸರಸ್ವತಮ್ಮನ ನಡಿಗೆ ನೋಡಬೇಕಿತ್ತು!

*

ಹೊಸಿಲ ಬೆಳಕಿನಲ್ಲಿ ಜಯರಾಮಪ್ಪ ಸೀರೆಯನ್ನು ಬಿಗಿದು ಹಿಡಿದ. ಬನಶಂಕರಿ ಒಂದೊಂದೇ ಎಳೆಯನ್ನು ಮೇಲೆ ಕೆಳಗೆ ದಾಟಿಸಿದಳು. ಅರ್ಧಕ್ಕೆ ಬಂದಾಗ ಬಟ್ಟೆ ಕೂದಲೆಳೆಯಷ್ಟು ಸುಕ್ಕು ಬಿತ್ತು. ಬಿಚ್ಚು ಎನ್ನುವವರು ಯಾರೂ ಇರಲಿಲ್ಲ. ಅವಳೇ ಬಿಚ್ಚಿದಳು.

“ಬಿಡಮ್ಮ, ಯಾರಿಗೆ ಕಾಣ್ತೈತೆ?” ಎಂದ ಮಾವ.

“ನಂಗೆ ಕಾಣ್ತೈತಲ್ಲ ಮಾವ.”

ಬಿಸಿಲು ಎದುರು ಮನೆಯ ಗೋಡೆ ಹತ್ತುವ ಹೊತ್ತಿಗೆ ಎಳೆಯ ತುದಿಯನ್ನು ಕತ್ತರಿಸಿ ಸೀರೆಯನ್ನು ಅತ್ತೆಯ ಮಡಿಲಿಗೆ ಹಾಕಿದಳು.

ನಾರಮ್ಮ ಅದನ್ನು ಬೆಳಕಿಗೆ ಹಿಡಿದಳು. ಅಂಗೈ ಆಡಿಸಿದಳು, ಉಗುರಿನಲ್ಲಿ ಗೀರಿದಳು. ಸಾಲದೆಂದು ಕನ್ನಡಕ ತರಿಸಿಕೊಂಡಳು.

“ಎಲ್ಲೇ ಅದು?”

ತೋರಿಸಲೆಂದು ಬನಶಂಕರಿ ಬಗ್ಗಿದಳು. ಅಂಚು ಹಿಡಿದು ಸೆರಗಿನವರೆಗೆ ಹೋದಳು, ಮತ್ತೆ ಹಿಂದಕ್ಕೆ ಬಂದಳು. ಜಯರಾಮಪ್ಪನೂ ಬಂದು ಕೂತ. ಹೊರಗೆ ಚಟ್ಟ ಕಟ್ಟಿದವರು ಕಾಯುತ್ತಲೇ ಇದ್ದರು. ಒಳಗೆ ಮೂರು ತಲೆಗಳು ಸೀರೆಯ ಮೇಲೆ ಬಾಗಿ ಇನ್ನೂ ಹುಡುಕುತ್ತಿದ್ದವು.