ಎಪ್ಪತ್ತೆರಡು ಮಾತ್ರ ಮುಂದೆ

ಎಪ್ಪತ್ತೆರಡು ಮುಂದೆ, ಅದರ ಹಿಂದೆ ನಾಲ್ಕು, ಒಂಬತ್ತು, ಹದಿನೈದು, ಮೂವತ್ತೆಂಟು — ಉಳಿದವೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿವೆ, ಇದೊಂದು ಮಾತ್ರ ಕದಲಿಲ್ಲ, ಮಹೇಶ್ವರಿಯ ಪರದೆಯ ಮೇಲೂ ಹಾಗೇ, ಪಕ್ಕದ ರೂಪಾಳ ಪರದೆಯ ಮೇಲೂ ಹಾಗೇ, ಯಾರ ಕಿವಿಗೆ ಹೂವು ಇಡುತ್ತಾಳೆ ಇವಳು — ತಪ್ಪು ತನ್ನದೇ, ಇರಲಿ, ಕಂಪ್ಯೂಟರಿನಲ್ಲಿ ಮೊದಲ ಮನೆಯ ಲೆಕ್ಕ ಸೊನ್ನೆ, ಅಲ್ಲಿಂದ ಶುರು ಮಾಡಬೇಕಿದ್ದ ಪ್ರೋಗ್ರಾಮಿನ ಲೂಪನ್ನು ತಾನೇ ಒಂದರಿಂದ ಶುರು ಮಾಡಿದ್ದಾಳೆ, ಆದರೆ ಮೂವತ್ತು ಮಂದಿಯ ಲ್ಯಾಬಿನಲ್ಲಿ ಅದೇ ತಪ್ಪು ಇವಳೊಬ್ಬಳಿಗೇ ಹೇಗೆ ಬಂತು, ತಾನು ನೀರು ಕುಡಿಯಲು ಎದ್ದು ಹೋದಾಗ ಕಂಪ್ಯೂಟರ್ ತೆರೆದೇ ಇತ್ತಲ್ಲ, ಬಂದಾಗ ಇವಳ ಕುರ್ಚಿ ಇತ್ತ ಸರಿದಿತ್ತಲ್ಲ, ಸರಿದಿತ್ತು, ಖಂಡಿತ ಸರಿದಿತ್ತು. ಯಾರು ಯಾರದ್ದ ನೋಡಿ ಬರದೀರಿ ಹೇಳ್ರಿ, ನೋಡಿ ಬರದಾಕಿ ನಾಳೆ ಪರೀಕ್ಷಾಕ್ಕ ಕುಂಡ್ರಂಗಿಲ್ಲ ಎಂದು ದ್ಯಾಮೇಶ ಸರ್ ಇಬ್ಬರ ಪರದೆಯನ್ನೂ ನೋಡಿ ಅಂದದ್ದೇ ತಡ, ಈಕೀನರಿ ಸರ್, ನಾ ಎದ್ದು ಹೋದಾಗ ನೋಡ್ಯಾಳ ಎಂದುಬಿಟ್ಟಳು ಮಹೇಶ್ವರಿ. ಇಲ್ರಿ ಸರ್, ನಾನ ಬರದೇನ್ರಿ, ರೂಪಾ ಇಷ್ಟೇ ಅಂದದ್ದು, ತಪ್ಪು ಮಾಡಿದವರು ಹೆಚ್ಚು ಮಾತಾಡುವುದಿಲ್ಲ, ಊರು ಅಸೂಟಿಯಲ್ಲಿ ತಮ್ಮ ಹೊಲಕ್ಕೇ ಕೂಲಿಗೆ ಬರುವ ಗುಡ್ಡವ್ವನ ಮಗಳು, ಇವಳಿಗೆ ಇಷ್ಟು ತಲೆ ಎಲ್ಲಿಂದ ಬರಬೇಕು — ಛೆ, ಹಾಗನ್ನಬಾರದು, ಆದರೂ ಎಲ್ಲಿಂದ.

ಹಂಗಾರ ನನ್ನ ಮುಂದ ಕುಂತು ಬರಿ, ಬ್ಯಾರೆ ಅಂಕಿ ಕೊಡತೇನಿ, ಅರವತ್ತು, ಎಂಟು, ಮೂವತ್ತೊಂದು, ಐದು ಎಂದರು ಸರ್ ರೂಪಾಳಿಗೆ. ಈಗ ಬಣ್ಣ ಬಯಲಾಗುತ್ತದೆ ಎಂದು ಮಹೇಶ್ವರಿ ಬಗ್ಗಿ ನೋಡಿದರೆ, ರೂಪಾ ಪರದೆಯ ಮೇಲಿನ ಅಂಕಿಗಳನ್ನು ಬೆರಳಿಟ್ಟು ಎಣಿಸುತ್ತಿದ್ದಾಳೆ, ತುಟಿಯಲ್ಲೇ, ಲಾಭ, ಎರಡು, ಮೂರು, ನಾಲ್ಕು — ಲಾಭ, ಅಯ್ಯೋ, ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಎಂದು ಪಕ್ಕಕ್ಕಿಡುತ್ತಾರೆ, ಅದು ದೇವರದು, ಮತ್ತೆ ಅದಕ್ಕೆ ಕೈ ಹಚ್ಚುವುದಿಲ್ಲ, ಸರ್ ಸೊನ್ನೆ ಎಂದು ಹೇಳಿಕೊಟ್ಟ ಆ ಮೊದಲ ಮನೆ ತನ್ನ ಕೈಗೂ ಲಾಭವೇ ಆಗಿತ್ತು, ಅದಕ್ಕೇ ಮುಟ್ಟದೆ ಮುಂದಿನದರಿಂದ ಹೊರಟಿತ್ತು, ಹಾಗೆ ಎಣಿಸಲು ತನಗೆ ಕಲಿಸಿದವರು ಯಾರು, ಆರು ವರ್ಷದವಳನ್ನು ಕಣದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಹಿಂಗನ್ನವಾ, ಲಾಭ, ಎರಡು — ಗುಡ್ಡವ್ವ, ಇವಳವ್ವನೇ, ಹಾಗಾದರೆ ಯಾರದನ್ನು ಯಾರು ನೋಡಿ ಬರೆದರು.

ರೂಪಾಳ ಪರದೆಯ ಮೇಲೆ ಬಂದದ್ದು ಅರವತ್ತು, ಐದು, ಎಂಟು, ಮೂವತ್ತೊಂದು. ನೋಡು, ಮತ್ತ ಅದ ತಪ್ಪು, ಅಂದ್ರ ಅಕೀದು ನೋಡಿ ಬಾಯಿಪಾಠ ಮಾಡೀದಿ ಎಂದರು — ಹುಬ್ಬಳ್ಳಿ ಪೇಟೆಯಲ್ಲಿ ಬೆಳೆದ ಸರ್, ಕಣ ಕಂಡವರಲ್ಲ, ನಾಳಿನ ಪರೀಕ್ಷೆಯ ಪಟ್ಟಿ ತೆಗೆದರು, ಹೇಳಬೇಕು, ತಡೀರಿ ಸರ್, ಅಕೀ ನೋಡಿಲ್ರಿ ಅನ್ನಬೇಕು, ಅಂದರೆ ಸುಳ್ಳು ಹೇಳಿದವಳು ತಾನಾಗುತ್ತಾಳೆ, ಪಟ್ಟಿಯಿಂದ ತನ್ನ ಹೆಸರೇ ಹೋಗುತ್ತದೆ, ಊರಲ್ಲಿ ಮುಖ ತೋರಿಸುವುದು ಹೇಗೆ, ರೂಪಾ ತನ್ನನ್ನೇ ನೋಡುತ್ತಿದ್ದಾಳೆ, ಬೈಯುವುದೂ ಇಲ್ಲ, ಅಳುವುದೂ ಇಲ್ಲ, ಸರ್ ಕೆಂಪು ಪೆನ್ನು ತೆಗೆದರು, ಹೇಳು, ಹೆಸರುಗಳ ಮೇಲೆ ಇಳಿಯುತ್ತ ಬಂತು ಪೆನ್ನಿನ ಮೊನೆ, ರೂಪಾಳ ಹೆಸರಿನ ಮೇಲೆ ನಿಂತಿತು, ಈಗಲಾದರೂ ಹೇಳು, ಮೊನೆ, ಕೆಂಪು ಮೊನೆ, ಗೀಟು ಎಳೆಯುತ್ತಿದೆ ಕೆಂಪು ಮೊನೆ