ಅಳಿಯನಿಗೆ ಕೆಸರು ಬೇಕಂತೆ

ಇಟ್ಟಿಗೆ ಗೂಡಿನ ಸಾಲುಮನೆಗಳಲ್ಲಿ ನೀರಿಗೆ ಪುರುಸೊತ್ತೇ ಇರಲಿಲ್ಲ. ಸೊಪ್ಪು ತೊಳೆದ ನೀರಿನಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಿನಲ್ಲಿ ಕೈಕಾಲು, ಕೈಕಾಲು ತೊಳೆದ ನೀರು ಬಾಗಿಲ ಮುಂದಿನ ಧೂಳಿಗೆ. ಮೂರು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಇಪ್ಪತ್ತಾರು ಮನೆ, ಮನೆಗೆ ನಾಲ್ಕು ಕೊಡ. ಗೂಡಿನ ಹಿಂದೆ ಒಂದು ಕುಂಟೆ ಇತ್ತು, ಇಲ್ಲವೆಂದಲ್ಲ. ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಆ ಕಪ್ಪು ನೀರು ಇಟ್ಟಿಗೆಯ ಮಣ್ಣಿಗೆ. ಬಾಯಾರಿಕೆ ತಾಳದೆ ಅದನ್ನು ಕುಡಿದವರು ಎರಡು ದಿನ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದರು.

ಆ ಬೆಳಿಗ್ಗೆ ಹದದಕ್ಕನ ಮನೆಯಲ್ಲಿ ಉಳಿದಿದ್ದದ್ದು ಒಂದು ಚೊಂಬು ನೀರು. ಒಳಗೆ ಅವಳ ಮಗಳು ಮಲಗಿದ್ದಳು. ಹೆರಿಗೆಯಾಗಿ ಆರು ದಿನ, ಎರಡು ದಿನದಿಂದ ಜ್ವರ. "ಕುದಿಸಿ ಆರಿಸಿದ ನೀರು ಚೆನ್ನಾಗಿ ಕುಡಿಸಿ, ಇಲ್ಲಾಂದ್ರೆ ಜ್ವರಾನೂ ಇಳಿಯಲ್ಲ, ಹಾಲೂ ಬತ್ತಿಹೋಗುತ್ತೆ" ಎಂದು ನರ್ಸಮ್ಮ ಮಾತ್ರೆ ಕೊಟ್ಟು ಹೇಳಿ ಹೋಗಿದ್ದಳು. ಹೇಳುವುದಕ್ಕೇನು, ನರ್ಸಮ್ಮನ ಮನೆಯಲ್ಲಿ ನಲ್ಲಿ ಇತ್ತು.

"ಇವತ್ತು ಟ್ಯಾಂಕರ್ ದಿನ ಕಣೇ," ಎಂದಳು ಹದದಕ್ಕ, ಚೊಂಬನ್ನು ಮಗಳ ಬಾಯಿಗೆ ಹಿಡಿದು. "ಮಧ್ಯಾಹ್ನಕ್ಕೆ ಹೊಟ್ಟೆ ತುಂಬ ಕುಡಿಯುವಿಯಂತೆ."

ಗೂಡಿನಲ್ಲಿ ಎಲ್ಲರೂ ಅವಳನ್ನು ಹದದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಮಣ್ಣು ತುಳಿದ ಕಾಲು ಅವಳದು. ಕಲಸಿದ ಮಣ್ಣಿಗೆ ಹೆಬ್ಬೆರಳು ಒತ್ತಿ ನೋಡಿ "ಇನ್ನೊಂದು ಸುತ್ತು ತುಳೀರಿ" ಎಂದರೆ ತುಳಿಯಬೇಕು, "ಆಯ್ತು" ಎಂದರೆ ಅಚ್ಚಿಗೆ ಹಾಕಬೇಕು. ಅವಳು ಹದ ನೋಡಿದ ಇಟ್ಟಿಗೆ ಬೆಂಕಿಯಲ್ಲಿ ಬಿರುಕು ಬಿಟ್ಟದ್ದನ್ನು ಕಂಡವರಿಲ್ಲ.

ಇನ್ನು ಅಳಿಯನ ವಿಚಾರ. ಅಳಿಯ ಎಂದರೆ ಧಣಿಯ ಮಗಳ ಗಂಡ ಅಲ್ಲ, ಧಣಿ ಮೂರು ತಿಂಗಳ ಹಿಂದೆ ಕೊಂಡ ಗಾಡಿ. ಬೆಟ್ಟ ಹತ್ತುವ, ಹೊಳೆ ದಾಟುವ, ರಸ್ತೆಯೇ ಇಲ್ಲದಲ್ಲಿ ಓಡುವ ಗಾಡಿ. ಚಕ್ರವೊಂದೊಂದೂ ಸೊಂಟಮಟ್ಟ. ಬಂದ ದಿನದಿಂದ ಅದಕ್ಕೆ ತಗಡಿನ ಷೆಡ್ಡು, ಮೈಗೆ ಹೊದಿಕೆ, ದಿನಕ್ಕೆರಡು ಸಲ ಮೆತ್ತನೆ ಬಟ್ಟೆಯಲ್ಲಿ ಒರೆಸುವ ಸೇವೆ. ಕುಡಿಯುವುದು ಪೆಟ್ರೋಲು, ಅದೂ ಒಂದೇ ಬಂಕಿನದು. ಕೆಲಸ ಮಾತ್ರ ಕಡ್ಡಿಯಷ್ಟೂ ಇಲ್ಲ. ಇಷ್ಟೆಲ್ಲ ಉಪಚಾರ ಅಳಿಯನಿಗಲ್ಲದೆ ಇನ್ಯಾರಿಗೆ ನಡೆಯುತ್ತದೆ ಹೇಳಿ? ಹೆಸರು ತಾನಾಗಿ ಅಂಟಿಕೊಂಡಿತು.

"ನಾನೂರು ಕುದುರೆ ಬಲ ಕಣ್ರೋ," ಎಂದು ಮೇಸ್ತ್ರಿ ಗಾಡಿ ತನ್ನದೇ ಎಂಬಂತೆ ಎದೆಯುಬ್ಬಿಸುತ್ತಿದ್ದ. "ಪೆಟ್ರೋಲ್ ಇಂಜಿನ್ನು. ಡೀಸೆಲ್ಲು ಲಾರಿ ಟ್ರ್ಯಾಕ್ಟರಿಗೆ."

"ನಾನೂರು ಕುದುರೆ ಸೇರಿ ಏನ್ ಎಳೀತವೆ ಮೇಸ್ತ್ರಿ?" ಎಂದು ಹದದಕ್ಕ ಕೇಳಿದ್ದಳು.

"ಧಣೀನ."

ಆವತ್ತು ಗೂಡಿನವರೆಲ್ಲ ನಕ್ಕದ್ದು ಸಂಜೆಯವರೆಗೂ ನಿಂತಿರಲಿಲ್ಲ.

ಇಂಥ ಗಾಡಿ ಇಟ್ಟುಕೊಂಡವರದೇ ಒಂದು ಸಂಘವಿತ್ತು. ಧಣಿ ಹೊಸ ಸದಸ್ಯ. ಮಿಕ್ಕವರೆಲ್ಲ ಕಾಡುಮೇಡು ಸುತ್ತಿ, ಕೆಸರಲ್ಲಿ ಗಾಡಿ ಹೊರಳಿಸಿ, ಫೋಟೋ ಹಾಕುತ್ತಿದ್ದರು. ನಮ್ಮ ಧಣಿಯ ಗಾಡಿ ಡಾಂಬರು ಬಿಟ್ಟು ಇಳಿದದ್ದೇ ಇಲ್ಲ. "ನಿಮ್ಮದು ತರಕಾರಿ ತರೋ ಗಾಡಿ ಬಿಡಿ" ಎಂದು ಯಾರೋ ಕಿಚಾಯಿಸಿದರಂತೆ. ಧಣಿಗೆ ಅನ್ನ ಸೇರಲಿಲ್ಲ. ಹಾಗಂತ ನಿಜವಾದ ಕೆಸರಿಗೆ ಇಳಿಸುವುದಕ್ಕೆ ಧೈರ್ಯವೂ ಇಲ್ಲ. ನಿಜವಾದ ಕೆಸರಲ್ಲಿ ಕಲ್ಲಿರುತ್ತದೆ, ಕಲ್ಲು ತಾಗಿದರೆ ಗಾಡಿಯ ಬಣ್ಣ ಹೋಗುತ್ತದೆ. ಯೋಚಿಸಿ ಯೋಚಿಸಿ ಕೊನೆಗೆ ಮೇಸ್ತ್ರಿಗೆ ಅಪ್ಪಣೆಯಾಯಿತು: ಗೂಡಿನ ಅಂಗಳದಲ್ಲೇ ಕೆಸರು ಮಾಡಿ.

ಹಿಂದಿನ ದಿನವೇ ಹೊಂಡ ತೋಡಿಸಿದ್ದರು. ಮೊಣಕಾಲುದ್ದ ಆಳ, ಗಾಡಿಯ ಎರಡರಷ್ಟು ಉದ್ದ. ಬೆಳಿಗ್ಗೆ ಟ್ಯಾಂಕರ್ ಬಂತು. ಹೆಂಗಸರು ಕೊಡ ಹಿಡಿದು ಸಾಲು ನಿಂತರು. ಟ್ಯಾಂಕರ್ ಸಾಲನ್ನು ದಾಟಿ ಸೀದಾ ಹೊಂಡದ ಹತ್ತಿರ ಹೋಗಿ ನಿಂತಿತು.

"ಅಯ್ಯಯ್ಯೋ, ಅಲ್ಲೇನ್ ಮಾಡ್ತಿದೀರಿ ಮೇಸ್ತ್ರಿ? ಅದು ಕುಡಿಯೋ ನೀರು!" ಎಂದು ಹದದಕ್ಕ ಕೊಡ ಕೆಳಗಿಟ್ಟು ಓಡಿದಳು.

"ಗೊತ್ತು ಮಾರಾಯ್ತಿ. ಧಣಿ ಹೇಳಿದಾರೆ."

"ಕುಂಟೆ ನೀರು ಹಾಕಿ. ಮಣ್ಣಿಗೆ ಯಾವ ನೀರಾದ್ರೇನು?"

"ವಾಸನೆ ಹೊಡೆಯುತ್ತಂತೆ. ಬಣ್ಣಕ್ಕೆ ಕಲೆ ಆಗುತ್ತಂತೆ. ಅಳಿಯನಿಗೆ ಒಳ್ಳೆ ನೀರೇ ಬೇಕಂತೆ."

"ಮಗಳಿಗೆ ಜ್ವರ ಇದೆ, ಅಣ್ಣಾ. ಮನೇಲಿ ಒಂದು ತೊಟ್ಟು ನೀರಿಲ್ಲ."

ಮೇಸ್ತ್ರಿಗೂ ಮಕ್ಕಳಿದ್ದರು. ಅವನು ಅವಳ ಮುಖ ನೋಡದೆ ಪೈಪಿನ ಕಡೆ ನೋಡಿದ. "ಮಧ್ಯಾಹ್ನ ಇನ್ನೊಂದು ಟ್ಯಾಂಕರ್ ಬರುತ್ತೆ. ಧಣೀನೇ ಕಳಿಸ್ತಾರೆ. ಬೇಗ ಬೇಗ ಮಣ್ಣು ಮಾಡಿಕೊಡಿ, ಬೇಗ ಮುಗಿಯುತ್ತೆ. ಒಂದು ಕಲ್ಲೂ ಇರಬಾರದು, ನೋಡು. ಹದವಾಗಿರಬೇಕು."

"ಯಾವ ಹದ?"

"ನಿನಗೆ ಗೊತ್ತಿರೋ ಹದಾನೇ. ನನ್ನ ತಲೆ ತಿನ್ನಬೇಡ."

ಇಪ್ಪತ್ತಾರು ಮನೆಯ ಕುಡಿಯುವ ನೀರು ಗಳಗಳನೆ ಹೊಂಡಕ್ಕೆ ಸುರಿಯಿತು. ಕಣ್ಣೆದುರೇ ಸುರಿಯಿತು. ಹದದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಂಡಕ್ಕೆ ಇಳಿದಳು. ಬೇಗ ಮುಗಿದರೆ ಬೇಗ ಟ್ಯಾಂಕರ್ ಬರುತ್ತದಲ್ಲ.

ಒಂದು ಕಲ್ಲೂ ಇರಬಾರದು ಎಂದರೆ ಗೂಡಿನ ಜನಕ್ಕೆ ಗೊತ್ತಿದ್ದದ್ದು ಒಂದೇ ದಾರಿ. ಮಣ್ಣನ್ನು ಜರಡಿ ಹಿಡಿದರು. ಬೂದಿ ಬೆರೆಸಿದರು. ಹನ್ನೆರಡು ಜನ ಒಬ್ಬರ ಭುಜ ಒಬ್ಬರು ಹಿಡಿದು ಸುತ್ತು ಹಾಕಿ ತುಳಿದರು. ಕೆಟ್ಟ ಮಣ್ಣು ಕಲಸುವುದು ಆ ಕಾಲುಗಳಿಗೆ ಬರುತ್ತಲೇ ಇರಲಿಲ್ಲ. ಹದದಕ್ಕ ಎರಡು ಸಲ ಹೆಬ್ಬೆರಳು ಒತ್ತಿ "ಊಹೂಂ" ಎಂದಳು. ಮೂರನೇ ಸಲ "ಆಯ್ತು" ಎಂದಳು. ಇಷ್ಟು ಒಳ್ಳೆಯ ಮಣ್ಣು ಆ ವರ್ಷ ಯಾವ ಅಚ್ಚಿಗೂ ಬಿದ್ದಿರಲಿಲ್ಲ.

ಮಧ್ಯಾಹ್ನ ಧಣಿ ಬಂದ. ಹೊಸ ಟೋಪಿ, ಹೊಸ ಬೂಟು, ಕತ್ತಿಗೊಂದು ಕೆಂಪು ಕರವಸ್ತ್ರ. ಜೊತೆಗೊಬ್ಬ ಫೋಟೋಗ್ರಾಫರ್. ಧಣಿ ಡ್ರೈವರನ್ನು ಕೆಳಗಿಳಿಸಿ ತಾನೇ ಕೂತ. ಇಂಜಿನ್ನು ಗುಡುಗಿತು. ಸಾಲುಮನೆಯ ತಗಡುಗಳೆಲ್ಲ ಅದುರಿದವು. ಒಳಗೆಲ್ಲೋ ಕೂಸು ಬೆಚ್ಚಿ ಅತ್ತಿತು, ಹದದಕ್ಕನಿಗೆ ಆ ದನಿಯ ಗುರುತು ಹತ್ತಿತು.

ಗಾಡಿ ಹೊಂಡಕ್ಕಿಳಿಯಿತು. ಕೆಸರು ಮಾತ್ರ ಹಾರಲಿಲ್ಲ.

"ಸರ್, ಚಿಮ್ತಾ ಇಲ್ಲ," ಎಂದ ಫೋಟೋಗ್ರಾಫರ್. "ಸ್ವಲ್ಪ ಜೋರಾಗಿ!"

ಧಣಿ ಜೋರು ಮಾಡಿದ. ಚಕ್ರಗಳು ನಿಂತಲ್ಲೇ ಗರಗರ ತಿರುಗಿದವು. ಮಣ್ಣು ಚಿಮ್ಮುವ ಬದಲು ಚಕ್ರದ ಸಂದುಗಳಿಗೆಲ್ಲ ಮೆತ್ತಿಕೊಂಡು ಹಲಸಿನ ಅಂಟಿನಂತೆ ಹಿಡಿಯಿತು. ಇನ್ನಷ್ಟು ಜೋರು ಮಾಡಿದ. ಗಾಡಿ ಇನ್ನಷ್ಟು ಕೂತಿತು. ಇಟ್ಟಿಗೆಯ ಮಣ್ಣಿನ ಗುಣವೇ ಅದು, ಹಿಡಿದದ್ದನ್ನು ಬಿಡುವುದಿಲ್ಲ. ಹತ್ತು ನಿಮಿಷದಲ್ಲಿ ಅಳಿಯ ಬಾಗಿಲಿನ ಅಂಚಿನವರೆಗೆ ಹೂತುಹೋದ.

ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಯೋಣ ಎಂದ ಡ್ರೈವರ್. "ಸರಪಳಿ ಮುಟ್ಟಿಸಿದ್ರೆ ಕೈ ಮುರೀತೀನಿ! ಬಣ್ಣ ಹೋಗುತ್ತೆ!" ಎಂದು ಧಣಿ ಒಳಗಿನಿಂದಲೇ ಕಿರುಚಿದ. "ಜನ ಕರೀರಿ. ಕೈಯಲ್ಲಿ ಮಣ್ಣು ತೆಗೆದು ತಳ್ಳಲಿ."

ಜನ ಬಂದರು. ಬರದೆ ಏನು ಮಾಡುತ್ತಾರೆ? ಹದದಕ್ಕ ಎಲ್ಲರಿಗಿಂತ ಮುಂಚೆ ಒಂದು ಕಾಲು ಹೊಂಡಕ್ಕಿಟ್ಟು, ಬಗ್ಗಿ, ಅಭ್ಯಾಸಬಲದಿಂದ ಹೆಬ್ಬೆರಳು ಒತ್ತಿದಳು. ಮೇಲಿನ ಪದರ ಆಗಲೇ ಬಿಗಿಯುತ್ತಿತ್ತು. ಬಿಸಿಲು ಬೇರೆ ನೆತ್ತಿ ಸುಡುತ್ತಿತ್ತು. ಅವಳು ಬಗ್ಗಿದವಳು ಬಗ್ಗಿಯೇ ಮೇಸ್ತ್ರಿಯನ್ನು ಕೇಳಿದಳು.

"ಎರಡನೇ ಟ್ಯಾಂಕರ್ ಎಲ್ಲಿ?"

ಮೇಸ್ತ್ರಿ ಧಣಿಯನ್ನು ನೋಡಿದ. ಧಣಿ ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿದ. ಒಳಗಿನ ತಣ್ಣನೆ ಗಾಳಿ ಹದದಕ್ಕನ ಮುಖಕ್ಕೆ ತಗುಲಿತು.

"ಯಾವ ಟ್ಯಾಂಕರ್? ಇನ್ನು ಮೂರು ದಿನ ಬಿಟ್ಟು ಬರುತ್ತೆ. ಅಷ್ಟೂ ತಡ್ಕೊಳ್ಳೋಕಾಗಲ್ವಾ? ಮೊದಲು ಮಣ್ಣು ತೆಗಿ."

ಮೇಸ್ತ್ರಿ ತಲೆ ತಗ್ಗಿಸಿದ. ಟ್ಯಾಂಕರಿಗೆ ಯಾರೂ ಹೇಳಿಯೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿ ಕೆಲಸ ಮಾಡಿಸಿಕೊಂಡಿದ್ದ, ಅಷ್ಟೇ.

ಹದದಕ್ಕ ಇಟ್ಟ ಕಾಲನ್ನು ಹೊಂಡದಿಂದ ಹೊರಗೆ ತೆಗೆದಳು. ಧಣಿಯ ಎದುರು ಹೀಗೆ ನೆಟ್ಟಗೆ ನಿಂತದ್ದು ಹುಟ್ಟಿದಾಗಿನಿಂದ ಇದೇ ಮೊದಲು.

"ನೀರು ಬರಲಿ. ಆಮೇಲೆ ತೆಗೀತೀವಿ."

"ಏನಂದೆ?"

"ನೀರು ಬರಲಿ ಅಂದೆ, ಧಣೀ. ಮಗಳಿಗೆ ಕುಡಿಸಿ ಬಂದು ತೆಗೀತೀನಿ."

ಹೊಂಡಕ್ಕೆ ಕಾಲಿಟ್ಟಿದ್ದ ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಗೂಡು ಹಚ್ಚುವವನು ಮೇಲೆ ಬಂದ. ಆಮೇಲೆ ಅಚ್ಚು ಹಾಕುವ ಅತ್ತಿಗೆ ನಾದಿನಿಯರು. ಕೊನೆಗೆ ಹೊಂಡದಲ್ಲಿ ಯಾರೂ ಉಳಿಯಲಿಲ್ಲ.

"ಎಲ್ಲರನ್ನೂ ಓಡಿಸ್ತೀನಿ! ನಾಳೆಯಿಂದ ಒಬ್ಬರೂ ಇಲ್ಲಿರಕೂಡದು!"

"ಓಡಿಸಿ ಧಣೀ," ಎಂದ ಗೂಡು ಹಚ್ಚುವವನು, ತಲೆಯ ಬಟ್ಟೆ ಬಿಚ್ಚಿ ನೆಲಕ್ಕೆ ಹಾಸಿ ಕೂತು. "ಹೊಸಬರನ್ನ ಕರೆತರೋಕೆ ನಾಲ್ಕು ದಿನ ಬೇಕು. ಈ ಮಣ್ಣು ನಾಳೆ ಹೊತ್ತಿಗೆ ಗಟ್ಟಿಯಾಗಿರುತ್ತೆ. ಆಮೇಲೆ ಸುತ್ತ ಸೌದೆ ಜೋಡಿಸಿ ಬೆಂಕಿ ಕೊಟ್ರೆ ಒಂದೇ ಇಟ್ಟಿಗೆ. ಸಂಘದವರಿಗೆ ಫೋಟೋ ಚೆನ್ನಾಗಿರುತ್ತೆ."

ಫೋಟೋಗ್ರಾಫರ್ ನಗು ತಡೆಯಲಾಗದೆ ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡ.

ಧಣಿ ಕೂಗಿದ, ಬೈದ, ಯಾರ್ಯಾರಿಗೋ ಫೋನು ಮಾಡಿದ. ಸಂಘದವರಿಗೆ ಮಾತ್ರ ಮಾಡಲಿಲ್ಲ. ತಣ್ಣನೆ ಗಾಳಿಗಾಗಿ ಇಂಜಿನ್ನು ಓಡುತ್ತಲೇ ಇತ್ತು, ಬಳಬಳನೆ ಪೆಟ್ರೋಲು ಕುಡಿಯುತ್ತಲೇ ಇತ್ತು. ಮಣ್ಣಿನ ಮೇಲೆ ಮೊದಲ ಬಿರುಕು ಕಾಣಿಸಿಕೊಂಡಾಗ ಧಣಿ ಟ್ಯಾಂಕರಿಗೆ ಫೋನು ಮಾಡಿದ. ಅರ್ಧ ಗಂಟೆಯಲ್ಲಿ ಟ್ಯಾಂಕರ್ ಬಂತು. ಅರ್ಧ ಗಂಟೆ! ಮೂರು ದಿನ ಕಾಯಿಸುತ್ತಿದ್ದ ನೀರು ಇಷ್ಟು ಹತ್ತಿರದಲ್ಲಿತ್ತೇ ಎಂದು ಹದದಕ್ಕನ ಕಣ್ಣಲ್ಲಿ ಸಿಟ್ಟಿಗೆ ನೀರು ಬಂತು.

"ಇಲ್ಲಿ! ಮೊದಲು ಇಲ್ಲಿ ಹಾಕು! ಮಣ್ಣು ಮೆತ್ತಗಾಗಲಿ!" ಎಂದು ಧಣಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದ.

ಟ್ಯಾಂಕರಿಗೂ ಹೊಂಡಕ್ಕೂ ನಡುವೆ ಆಗಲೇ ಕೊಡಗಳ ಸಾಲು ನಿಂತಿತ್ತು. ಹೆಂಗಸರು, ಗಂಡಸರು, ಮುದುಕರು. ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಟ್ಯಾಂಕರಿನವನು ಧಣಿಯನ್ನು ನೋಡಿದ, ಸಾಲನ್ನು ನೋಡಿದ, ಪೈಪನ್ನು ಮೊದಲ ಕೊಡದ ಬಾಯಿಗೆ ಇಟ್ಟ.

ಧಣಿ ಬಾಗಿಲನ್ನು ಗುದ್ದಿ ಗುದ್ದಿ ತೆರೆದು ಕೆಳಗೆ ಧುಮುಕಿದ. ಒಂದು ಬೂಟು ಮಣ್ಣಿನಲ್ಲೇ ಉಳಿಯಿತು. ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಕಾಲುಚೀಲ, ಕುಂಟುತ್ತಾ ಬಂದು ಪೈಪಿಗೆ ಕೈ ಹಾಕಲು ಹೋದ. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ತನ್ನ ಕೊಡವನ್ನು ಅಡ್ಡ ಹಿಡಿದಳು.

"ಸಾಲಿದೆ ಧಣೀ. ಹಿಂದಕ್ಕೆ ಹೋಗಿ ನಿಲ್ಲಿ."

"ನಾನು ಯಾರು ಅಂತ ಗೊತ್ತಾ ನಿನಗೆ?"

"ಗೊತ್ತು. ಇಪ್ಪತ್ತಾರು ಮನೆ ಆದಮೇಲೆ ಇಪ್ಪತ್ತೇಳನೆಯವರು. ಕೊಡ ತಂದಿದೀರಾ?"

ಹದದಕ್ಕ ಅಷ್ಟರಲ್ಲಿ ಕೊಡ ಹೊತ್ತು ಮನೆ ಸೇರಿದ್ದಳು. ನೀರು ಕುದಿಸಿದಳು. ಬೇಗ ಆರಲಿ ಎಂದು ಅಗಲ ತಟ್ಟೆಗೆ ಹುಯ್ದು ಸೆರಗಿನಿಂದ ಗಾಳಿ ಹಾಕಿದಳು. ಮಗಳನ್ನು ಎಬ್ಬಿಸಿ ಎದೆಗೆ ಆನಿಸಿಕೊಂಡು ಲೋಟ ಹಿಡಿದಳು. ಮಗಳು ಗಟಗಟನೆ ಕುಡಿದಳು. ಇನ್ನೊಂದು ಲೋಟ. ಹೊರಗೆ ಕೂಗಾಟ ಜೋರಾಗುತ್ತಿತ್ತು.

"ಅಮ್ಮಾ, ಧಣಿ ಕೂಗ್ತಿದಾರೆ," ಎಂದು ಮಗಳು ಹೆದರಿ ಲೋಟದಿಂದ ಬಾಯಿ ತೆಗೆದಳು. "ನಿನ್ನನ್ನೇ ಕೂಗ್ತಿದಾರೆ."

"ಕೂಗಲಿ," ಎಂದಳು ಹದದಕ್ಕ. "ನೀನು ಕುಡಿ."