ತಂಗಿ ಆಡಿಸಿದ ಗೊಂಬೆಗಳು

ಕಾಲೇಜಿಗೆ ಸೇರಿದ ವರ್ಷವೇ ಅಕ್ಕ ಒಬ್ಬ ಸಹಪಾಠಿಯನ್ನು ಮೆಚ್ಚಿದ್ದಳು. ಅವನು ಗಳಿಗೆಗೊಮ್ಮೆ ಫೋನ್ ಮಾಡಿ ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ ಎಂದು ಕೇಳುತ್ತಿದ್ದ. ಒಮ್ಮೆ ಅವಳ ಕೈ ತಿರುಚಿ, ಆಮೇಲೆ ಅತ್ತು ಕ್ಷಮೆ ಕೇಳಿದ್ದ. ಪ್ರೀತಿ ಜಾಸ್ತಿಯಾಗಿ ಹಾಗಾಡುತ್ತಾನೆ ಎಂದುಕೊಂಡು ಅವಳು ಸುಮ್ಮನಾಗಿದ್ದಳು.

ಒಂದು ಭಾನುವಾರ ಅವಳು ಬಟ್ಟೆ ಮಡಚುತ್ತಿದ್ದಾಗ, ಪುಟ್ಟ ತಂಗಿ ಪಕ್ಕದಲ್ಲಿ ಗೊಂಬೆಗಳನ್ನು ಆಡಿಸುತ್ತಿದ್ದಳು. ಒಂದು ಗೊಂಬೆ ಇನ್ನೊಂದಕ್ಕೆ ಅಳುದನಿಯಲ್ಲಿ ಹೇಳಿತು: "ತಪ್ಪಾಯ್ತು ಕಣೋ, ಬೈಬೇಡ. ಇನ್ಮೇಲೆ ಯಾರ ಜೊತೆನೂ ಮಾತಾಡಲ್ಲ."

"ಇದ್ಯಾವ ಆಟವೇ?"

"ನೀನು ಫೋನಲ್ಲಿ ಆಡ್ತೀಯಲ್ಲ, ಅದೇ."

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ತಾನು ಇಷ್ಟೊಂದು ಹೆದರಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ನರ್ಸ್ ಆಗಿದ್ದ ಅಮ್ಮ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿ, "ಕಾಲೇಜು ಬಿಡಿಸಿಬಿಡ್ತೀಯಾ?" ಎಂದಳು.

ಅಮ್ಮ ಅವಳ ಮಣಿಕಟ್ಟು ಸವರಿದಳು. "ಕೈ ತಿರುಚಿದವನು ಅವನು. ನಿನಗ್ಯಾಕೆ ಶಿಕ್ಷೆ ಕಂದಾ? ಹೇಳಿದ್ದು ಒಳ್ಳೇದಾಯ್ತು."

ಮರುದಿನ ಇಬ್ಬರೂ ಕಾಲೇಜಿನ ಆಪ್ತಸಮಾಲೋಚಕಿಯ ಬಳಿ ಹೋದರು. ಆಕೆ ಎಲ್ಲವನ್ನೂ ಕೇಳಿ, ನಂಬಿ, ಪ್ರಿನ್ಸಿಪಾಲರಿಗೆ ತಿಳಿಸಿದರು. ಹುಡುಗನನ್ನೂ ಅವನ ಮನೆಯವರನ್ನೂ ಕರೆಸಿ, ಇನ್ನು ಅವಳ ತಂಟೆಗೆ ಬರಕೂಡದೆಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದರು. ಕೆಲವು ವಾರ ಗೆಳತಿಯರು ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಅವರ ಜೊತೆ ವಾಲಿಬಾಲ್ ಆಡುವುದೂ ಶುರುವಾಯಿತು.

ಈಗ ಸಂಜೆ ಬೆವೆತು ಬಂದವಳೇ ತಟ್ಟೆ ಹಿಡಿದು ನಿಲ್ಲುತ್ತಾಳೆ. "ಹೊಟ್ಟೆಯೋ ಗೋಣಿಚೀಲವೋ?" ಎಂದು ಅಮ್ಮ ನಗುತ್ತ ಇನ್ನೊಂದು ಸೌಟು ಅನ್ನ ಬಡಿಸುತ್ತಾಳೆ.